ಅಜ್ಜ ಸಿಕ್ಕಿದ್ದು 276 868ರಲ್ಲಿ

ಕಾಣೆಯಾದವರನ್ನು ಊರಿನ ಹೆಸರು ಹಿಡಿದು ಹುಡುಕುವುದನ್ನು ನಾನು ಬಿಟ್ಟು ಮೂರು ಮಳೆಗಾಲ ಆಯಿತು. ಈಗ ವಾಕಿಟಾಕಿಯಲ್ಲಿ ಯಾರಾದರೂ "ನಾವು ಕಟ್ಟದ ಹತ್ತಿರ ಇದ್ದೇವೆ" ಅಂದರೆ ನಾನು ಉತ್ತರವನ್ನೇ ಕೊಡುವುದಿಲ್ಲ. ನಕ್ಷೆಯ ಚೌಕದ ನಂಬರ್ ಬಂದ ಮೇಲೆಯೇ ಮಾತು. ಮೊದಲು ಇದಕ್ಕೆ ಎಲ್ಲರೂ ನಗುತ್ತಿದ್ದರು. ಚೌಕದಣ್ಣ ಅಂತ ಅಡ್ಡಹೆಸರೂ ಬಿತ್ತು. ಕಳೆದ ಮಳೆಗಾಲದಲ್ಲಿ ಒಬ್ಬ ಅಜ್ಜ ಸಿಕ್ಕಿದ ಮೇಲೆ ನಗು ನಿಂತಿದೆ, ಅಡ್ಡಹೆಸರು ಹಾಗೇ ಇದೆ.

ನೆಲವನ್ನು ಮೀಟರ್ ಲೆಕ್ಕದಲ್ಲಿ ಚೌಕ ಮಾಡಿ ನಂಬರ್ ಕೊಡುವ ಯುಟಿಎಂ, ಎಂಜಿಆರ್‌ಎಸ್ ಕ್ರಮ ಹುಡುಕಾಟಕ್ಕೆ ಇಳಿಯುವವರಿಗೆ ಗೊತ್ತೇ ಇರುತ್ತದೆ. ನಮ್ಮ ಕಾಸರಗೋಡಿನಲ್ಲಿ ಅದು ಎಲ್ಲೆಲ್ಲಿ ಕೈಕೊಡುತ್ತದೆ, ನಾನು ಎಷ್ಟು ದುಡ್ಡು ಕಳೆದುಕೊಂಡೆ, ಅಷ್ಟೇ ಇಲ್ಲಿ ಬರೆಯುತ್ತೇನೆ.

ನಮ್ಮಲ್ಲಿ ಹೆಸರುಗಳ ಕಥೆ ನಿಮಗೆ ಗೊತ್ತೇ ಇದೆ. ಒಂದು ಪಂಚಾಯತಿನೊಳಗೇ ನಾಲ್ಕು ಪದವು, ಮೂರು ಅಡ್ಕ, ಕಾನ, ಮೂಲೆ ಲೆಕ್ಕವಿಲ್ಲ. ಅದೇ ಗುಡ್ಡೆಗೆ ತುಳುವಿನಲ್ಲಿ ಒಂದು ಹೆಸರು, ಮಲಯಾಳದಲ್ಲಿ ಇನ್ನೊಂದು. ಹೊರಗಿನಿಂದ ಬಂದ ತಂಡಕ್ಕೆ ಯಾವುದೂ ಗೊತ್ತಿಲ್ಲ. ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಗುಡ್ಡೆ ಜರಿದರೆ ಗುರುತೇ ಹೋಗಿರುತ್ತದೆ. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಆದದ್ದು ಅದೇ ಅಲ್ವಾ? ರಸ್ತೆ ಇಲ್ಲ, ಸೇತುವೆ ಇಲ್ಲ, ತೋಟದ ಕೆಲಸದವರು ಇರುವ ಪಾಡಿ ಇಲ್ಲ. "ಆ ಮನೆಯ ಹಿಂದೆ" ಅನ್ನಲಿಕ್ಕೆ ಮನೆ ಎಲ್ಲಿದೆ? ಅಲ್ಲಿ ಕೊನೆಗೆ ಜಾಗವನ್ನು ಆರು ವಲಯ ಮಾಡಿಯೇ ಹುಡುಕಿದರು. ಕೊಚ್ಚಿ ಹೋದವರ ದೇಹಗಳು ಕೆಳಗೆ ನಿಲಂಬೂರಿನ ಚಾಲಿಯಾರ್ ಹೊಳೆಯಲ್ಲಿ ಸಿಕ್ಕಿದವು. ಅದನ್ನು ನೋಡಿದ ಮೇಲೆಯೇ ನಮ್ಮ ತಂಡದವರು "ಸರಿ, ನಿಮ್ಮ ಚೌಕ ತೋರಿಸಿ" ಅಂದದ್ದು. ಅಲ್ಲಿಯವರೆಗೆ ನಾನು ಒಬ್ಬನೇ ಆಟ ಆಡುತ್ತಿದ್ದೆ.

ಮೊದಲ ಪ್ರಯತ್ನ ಅಕ್ಷಾಂಶ-ರೇಖಾಂಶದ್ದು. ವಾಟ್ಸಾಪಿನಲ್ಲಿ ಕಳಿಸಿದರಾಯಿತು ಅಂದುಕೊಂಡಿದ್ದೆ. ಒಂದು ಸಂಜೆ ಒಬ್ಬರು ಫೋನಿನಲ್ಲಿ "ಹನ್ನೆರಡು, ಮೂವತ್ತಮೂರೂವರೆ" ಅಂದರು. ಅದು 12 ಡಿಗ್ರಿ 33.5 ನಿಮಿಷ. ಬರೆದುಕೊಂಡ ಹುಡುಗ 12.335 ಅಂತ ಒತ್ತಿದ. ನಿಜಕ್ಕೂ ಆಗಬೇಕಾದದ್ದು 12.558. ವ್ಯತ್ಯಾಸ ಸುಮಾರು 25 ಕಿಲೋಮೀಟರ್. ಜೀಪು ಹೊಸದುರ್ಗದ (ಕಾಞಂಗಾಡಿನ) ಕಡೆಗೆ ಅರ್ಧ ದಾರಿ ಹೋಗಿ ಆಗಿತ್ತು. ಮಳೆ, ಕತ್ತಲೆ, ಡೀಸೆಲ್ ಖರ್ಚು, ಮೇಲಿಂದ ಬೈಗುಳ. ಆ ದಿನವೇ ಡಿಗ್ರಿಗೆ ಕೈಮುಗಿದೆ.

ಮತ್ತೆ ಸರ್ವೆಯವರ ನಕ್ಷೆ, ಹಳೆಯ ಟೋಪೋಶೀಟಿನ ಜೆರಾಕ್ಸ್ ಹಿಡಿದು ಹೊರಟೆ. ಕಾಸರಗೋಡು ಪೇಟೆ ಹಳೆ ಶೀಟಿನಲ್ಲಿ 48 ಎಲ್ ಮತ್ತು 48 ಪಿ ಎರಡರ ಅಂಚಿನಲ್ಲಿ ಇದೆ. ಎರಡನ್ನು ಅಂಟಿಸಿ ಗೋಡೆಗೆ ಹಾಕಿದರೆ ನೋಡಲು ಬಹಳ ಚಂದ. ಆದರೆ ಜಿಪಿಎಸ್ ಹೇಳುವ ಜಾಗಕ್ಕೂ ಶೀಟಿನ ಜಾಗಕ್ಕೂ ತಾಳೆಯೇ ಇಲ್ಲ. ಅಂದಾಜು ನೂರೈವತ್ತು-ಇನ್ನೂರು ಮೀಟರ್ ಆಚೀಚೆ. ತೋಡಿನ ಈಚೆ ಇರಬೇಕಾದವನು ಆಚೆ ತೋರುತ್ತಿದ್ದ. ಜಿಪಿಎಸ್ ಹಾಳಾಗಿದೆ ಅಂತ ಒಂದು ತಿಂಗಳು ಅದಕ್ಕೆ ಬೈದೆ. ತಪ್ಪು ನನ್ನದೇ. ಭೂಮಿಯ ಆಕಾರಕ್ಕೆ ಹಿಡಿದ ಲೆಕ್ಕವೇ ಎರಡರಲ್ಲೂ ಬೇರೆ: ಹಳೆ ಶೀಟು ಎವರೆಸ್ಟ್ ಲೆಕ್ಕದ್ದು, ಜಿಪಿಎಸ್ ಡಬ್ಲ್ಯುಜಿಎಸ್ 84. ಶೀಟಿನ ಅಂಚಿನಲ್ಲಿ ಬರೆದದ್ದನ್ನು ನಾನು ಓದಿರಲಿಲ್ಲ. ಈಗ ಕ್ಯುಜಿಐಎಸ್ ಅನ್ನುವ ನಕ್ಷೆಯ ಸಾಫ್ಟ್‌ವೇರಿನಲ್ಲಿ ನಾನೇ ಗ್ರಿಡ್ ಎಳೆದು ಪ್ರಿಂಟ್ ತೆಗೆಯುತ್ತೇನೆ. ಸಾಫ್ಟ್‌ವೇರಿಗೆ ಖರ್ಚಿಲ್ಲ. ಕಲಿಯಲಿಕ್ಕೆ ಎರಡು ತಿಂಗಳ ರಾತ್ರಿ ನಿದ್ದೆ ಹೋಯಿತು.

ಮೂರನೆಯದು ನನ್ನ ಅತಿಯಾಸೆ. ಹತ್ತು ಮೀಟರಿನವರೆಗೆ ಹೇಳಬೇಕು ಅಂತ ಎಂಟು ಅಂಕಿಯ ನಂಬರ್ ಶುರು ಮಾಡಿದೆ. ಮಳೆಯಲ್ಲಿ, ಮರದಡಿಯಲ್ಲಿ ಫೋನೇ ಹತ್ತಿಪ್ಪತ್ತು ಮೀಟರ್ ಅಲ್ಲಾಡುತ್ತದೆ, ಅದರ ಮೇಲೆ ಈ ಸೊಗಸು. ಹುಡುಗರಿಗೆ ಎಂಟು ಅಂಕಿ ನೆನಪೂ ಇರುವುದಿಲ್ಲ. ಆರಕ್ಕೆ ಇಳಿಸಿದೆ. ಮೂಡು (ಪೂರ್ವ) ಮೂರು, ಬಡಗು (ಉತ್ತರ) ಮೂರು. ನೂರು ಮೀಟರ್ ಚೌಕ.

ಈ ನೂರು ಮೀಟರೇ ನನಗೆ ಜನರನ್ನು ಗೆದ್ದು ಕೊಟ್ಟದ್ದು. ಹೆಕ್ಟೇರ್ ಅಂದರೆ ಯಾರೂ ತಲೆ ಎತ್ತಲಿಲ್ಲ. "ಒಂದು ಚೌಕ ಅಂದರೆ ಎರಡೂವರೆ ಎಕರೆ" ಅಂದೆ ನೋಡಿ, ತೋಟದವರ ಮುಖವೇ ಬದಲಾಯಿತು. ಎರಡೂವರೆ ಎಕರೆ ಅಡಿಕೆ ತೋಟ ಎಷ್ಟು ಅಂತ ಅವರ ಕಾಲಿಗೇ ಗೊತ್ತು. ಆರು ಜನ ಸಾಲಾಗಿ ನಿಂತು ಎರಡು ಸಲ ಹೋಗಿ ಬಂದರೆ ತೋಟದಲ್ಲಿ ಅರ್ಧ ಗಂಟೆ. ಕುರುಚಲು ಗುಡ್ಡೆಯಾದರೆ ಒಂದೂಕಾಲು ಗಂಟೆ. ರಬ್ಬರ್ ತೋಟ ನಡುವೆ ಎಲ್ಲೋ.

ಓದುವ ಕ್ರಮಕ್ಕೂ ನಮ್ಮ ಮಾತೇ ಸಾಕಾಯಿತು. ಈಸ್ಟಿಂಗ್, ನಾರ್ತಿಂಗ್ ಅಂತ ಹೇಳಿದಾಗ ಅರ್ಧ ಜನ ತಿರುಗುಮುರುಗು ಮಾಡಿದರು. "ಮೂಡು ಮೊದಲು, ಬಡಗು ಮತ್ತೆ" ಅಂದ ಮೇಲೆ ತಪ್ಪಿಲ್ಲ. ಯಕ್ಷಗಾನ ನೋಡುವವನಿಗೆ ತೆಂಕು-ಬಡಗು ಹೇಳಿಕೊಡಬೇಕಾ?

ಒಂದು ಕಡೆ ಮಾತ್ರ ಎಲ್ಲರೂ ಎಡವುತ್ತಾರೆ. ಫೋನಿನಲ್ಲಿ 43ಪಿ 527683 1386874 ಅಂತ ಬಂತು ಅಂದುಕೊಳ್ಳಿ. ಕೊನೆಯ ಎರಡೆರಡು ಅಂಕಿ ಸುಮ್ನೆ ಅಳಿಸಬೇಕು, ಮುಂದಿನ 5 ಮತ್ತು 13 ಕೂಡ ಬೇಡ. ಆಗ 276 868. ಲೆಕ್ಕದಲ್ಲಿ ಹುಷಾರಾದ ಹುಡುಗರು 83 ಅಂದರೆ ನೂರಕ್ಕೆ ಹತ್ತಿರ ಅಂತ ಏರಿಸಿ 277 869 ಮಾಡುತ್ತಾರೆ. ಅದು ಪಕ್ಕದ ಚೌಕವೂ ಅಲ್ಲ, ಮೂಲೆಯಾಚೆಯದ್ದು. ನಂಬರ್ ಇರುವುದು ಚೌಕದ ತೆಂಕು-ಪಡು (ನೈಋತ್ಯ) ಮೂಲೆಗೆ, ಅಲ್ಲಿಂದ ಮೂಡಕ್ಕೂ ಬಡಗಿಗೂ ನೂರು ಮೀಟರ್. ಇದನ್ನು ನಾನು ಲ್ಯಾಮಿನೇಷನ್ನಿನ ಹಿಂಬದಿಗೆ ಕೆಂಪಿನಲ್ಲಿ ಬರೆದಿದ್ದೇನೆ: "ಕತ್ತರಿಸು, ಏರಿಸಬೇಡ."

ಇನ್ನು ನಮ್ಮ ಊರಿನದ್ದೇ ಆದ ಶನಿ. ಯುಟಿಎಂ ಲೆಕ್ಕದಲ್ಲಿ ನಮ್ಮದು 43ನೇ ವಲಯ, ಅದರ ನಡುಗೆರೆ 75 ಡಿಗ್ರಿ ರೇಖಾಂಶ. ಅದು ಕಾಸರಗೋಡು ಪೇಟೆಯ ಸ್ವಲ್ಪ ಮೂಡಕ್ಕೆ ಹಾದುಹೋಗುತ್ತದೆ. ಒಂದು ಲಾಭ ಇದೆ. ಗೆರೆ ಹತ್ತಿರ ಇರುವುದರಿಂದ ಗ್ರಿಡ್ಡಿನ ಬಡಗು ಮತ್ತು ನಿಜವಾದ ಬಡಗು ಒಂದೇ, ಕಂಪಾಸಿನವರಿಗೆ ಆ ತಲೆಬಿಸಿ ಇಲ್ಲ. ನಷ್ಟ ಏನೆಂದರೆ ಆ ಗೆರೆಯಲ್ಲಿ ಮೂಡಿನ ಲೆಕ್ಕ ಸರಿಯಾಗಿ 5 ಲಕ್ಷ ಮೀಟರ್. ಎಂಜಿಆರ್‌ಎಸ್‌ನಲ್ಲಿ ನೂರು ಕಿಲೋಮೀಟರಿನ ದೊಡ್ಡ ಚೌಕಕ್ಕೆ ಇಟ್ಟ ಅಕ್ಷರ ಅಲ್ಲೇ ಬದಲಾಗುತ್ತದೆ. ಪೇಟೆ ಡಿಪಿ, ಗೆರೆ ದಾಟಿದರೆ ಇಪಿ. ಪಡುವಿನ ಚೌಕ 998, 999. ಒಂದು ಹೆಜ್ಜೆ ಆಚೆ 000, 001. ಒಮ್ಮೆ ಅಭ್ಯಾಸದ ದಿನ ಒಬ್ಬ ಇಪಿ ಬದಲು ಡಿಪಿ ಹಾಕಿ 004 ಒತ್ತಿದ. ಫೋನು ಅರಬ್ಬೀ ಸಮುದ್ರದ ನಡುವೆ ಬಾಣ ನೆಟ್ಟಿತು, ನೂರು ಕಿಲೋಮೀಟರ್ ಪಡುವಕ್ಕೆ. "ಏಟ್ಟಾ, ದೋಣಿ ಬೇಕಾ?" ಅಂತ ಕೇಳಿದ ಅವನು. ಎಲ್ಲರೂ ನಕ್ಕರು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಇದಕ್ಕಿಂತ ಕೆಟ್ಟದ್ದು ಸೊನ್ನೆಯದ್ದು. ನಂಬರುಗಳನ್ನು ಎಕ್ಸೆಲ್ಲಿಗೆ ಹಾಕಿದ್ದೆ. ಅದು ಮುಂದಿನ ಸೊನ್ನೆ ನುಂಗಿ 004ನ್ನು ಬರೇ 4 ಮಾಡಿತು, 018ನ್ನು 18. ಪ್ರಿಂಟ್ ತೆಗೆದು ಹಂಚಿ ಆದ ಮೇಲೆ ಕಂಡದ್ದು. ಹನ್ನೆರಡು ಎ3 ಹಾಳೆ, ಲ್ಯಾಮಿನೇಷನ್ ಸೇರಿ, ಹೆಚ್ಚುಕಡಿಮೆ ಸಾವಿರದ ಇನ್ನೂರು ರೂಪಾಯಿ ಕಸದ ಬುಟ್ಟಿಗೆ. ಈಗ 9ರಿಂದ ಶುರುವಾಗುವ ಚೌಕಕ್ಕೆ ಕೆಂಪು ಅಂಚು, 0ಯಿಂದ ಶುರುವಾಗುವುದಕ್ಕೆ ನೀಲಿ. ವಾಕಿಟಾಕಿಯಲ್ಲೂ ಬಣ್ಣ ಹೇಳಿಯೇ ನಂಬರ್ ಹೇಳಬೇಕು. ಅಕ್ಷರ ಹೇಳುವುದನ್ನೇ ಬಿಟ್ಟಿದ್ದೇವೆ.

ಅಂಕಿ ಯಾವ ಭಾಷೆಯಲ್ಲಿ ಹೇಳುವುದು ಅಂತ ಒಂದು ಭಾನುವಾರ ಪೂರ್ತಿ ಪರೀಕ್ಷೆ ಮಾಡಿದೆವು. ಕನ್ನಡ, ಮಲಯಾಳ, ತುಳು, ಇಂಗ್ಲಿಷ್. ತುಳುವಿನಲ್ಲಿ ಆಜಿ, ಎಣ್ಮ, ಒರ್ಂಬ ಅಂತ ಹೇಳುವಾಗ ನನಗೆ ಖುಷಿಯೇ ಖುಷಿ, ಆದರೆ ಮಲಬಾರಿನಿಂದ ಬಂದವನು ಬಾಯಿ ಬಿಟ್ಟು ನಿಂತ. ಕೊನೆಗೆ ಇಂಗ್ಲಿಷೇ ಗತಿ. ಅದರಲ್ಲಿ ಫೈವ್, ನೈನ್ ಮಳೆಯ ಸದ್ದಿಗೆ ಒಂದೇ ತರ ಕೇಳುತ್ತವೆ. ಹಾಗಾಗಿ ಮಿಲಿಟರಿಯವರ ಹಾಗೆ ನೈನರ್ ಅನ್ನುತ್ತೇವೆ. ಒಂದೊಂದೇ ಅಂಕಿ, ಕೇಳಿದವನು ತಿರುಗಿ ಹೇಳಬೇಕು. "ಇನ್ನೂರ ಎಪ್ಪತ್ತಾರು" ಅಂದವನಿಗೆ ಚಹಾದ ದಂಡ.

ಜಾಗಕ್ಕೆ ಅಕ್ಷರ, ಅಂಕಿ ಸೇರಿಸಿ ಕೊಡುವ ಪ್ಲಸ್ ಕೋಡ್ ಕೂಡ ನೋಡಿದೆ. ಗೂಗಲ್ ಮ್ಯಾಪಿನಲ್ಲೇ ಪುಕ್ಕಟೆ ಸಿಗುತ್ತದೆ, ಮೆಸೇಜ್ ಕಳಿಸಲಿಕ್ಕೆ ಒಳ್ಳೆಯದೇ. ಆದರೆ ಅದರಲ್ಲಿ ಸಿ, ಜಿ, ಪಿ, ವಿ ಎಲ್ಲ ಇವೆ. ಮಳೆಯಲ್ಲಿ ಬಾಯಲ್ಲಿ ಹೇಳಿ ನೋಡಿ, ಗೊತ್ತಾಗುತ್ತದೆ. ಪಕ್ಕದ ಚೌಕ ಯಾವುದು ಅಂತ ಕೋಡ್ ನೋಡಿ ಥಟ್ಟನೆ ಹೊಳೆಯುವುದೂ ಇಲ್ಲ.

ನಮ್ಮಲ್ಲಿ ನೀರಿಗಾಗಿ ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗಗಳಿವೆ, ಅದರೊಳಗೆ ಜಿಪಿಎಸ್ ಹಿಡಿದು ಹೋದದ್ದೂ ಇದೆ. ಗೊತ್ತಿದ್ದೇ ಹೋದೆ, ಒಳಗೆ ಸಿಗ್ನಲ್ ಇಲ್ಲ. ಆದರೆ ಬಾಯಿಯ ಹತ್ತಿರ, ಮುರಕಲ್ಲಿನ ಗೋಡೆ ಒಂದು ಬದಿಗೆ ಇದ್ದಾಗ, ನಂಬರ್ ಮೂವತ್ತು-ನಲ್ವತ್ತು ಮೀಟರ್ ಹಾರುವುದನ್ನು ಕಂಡೆ. ಅಂದಿನಿಂದ ನಮ್ಮ ಭಾಗದ ಹಳೆ ಸುರಂಗಗಳ ಬಾಯಿಗಳನ್ನು ಕೈಲೆಕ್ಕದಲ್ಲಿ ಶೀಟಿನ ಮೇಲೆ ಗುರುತು ಮಾಡುತ್ತ ಬಂದೆ. ಸುಮ್ನೆ ಹುಚ್ಚಿಗೆ. ಅದೇ ಹುಚ್ಚು ಉಪಯೋಗಕ್ಕೆ ಬಂತು.

ಮುಳ್ಳೇರಿಯಾದಿಂದ ಮೂಡಕ್ಕೆ, ಒಂದು ಗುಡ್ಡೆಯ ಬುಡದ ಮನೆ. ಸಂಜೆ ಸುರಂಗದ ನೀರು ಕೆಂಪಾಗಿ ಬರುತ್ತಿದೆ, ಪೈಪು ನೋಡಿ ಬರುತ್ತೇನೆ ಅಂತ ಅಜ್ಜ ಹೋದರು. ವಯಸ್ಸು ಎಪ್ಪತ್ತೆಂಟೋ ಎಂಬತ್ತೋ. ಅರ್ಧ ಗಂಟೆಯಲ್ಲಿ ಹಿಂದಿನ ಗುಡ್ಡೆ ಜರಿಯಿತು. ರಾತ್ರಿಯಿಡೀ ಎಲ್ಲರ ಕಣ್ಣೂ ಆ ಮಣ್ಣಿನ ಮೇಲೆಯೇ. ಜೆಸಿಬಿ ತರಿಸಿದರು. ನಾಲ್ಕು ಗುಂಪು ಸುತ್ತಲೂ ಕೂಗುತ್ತ ನಡೆದವು. ನನ್ನ ಶೀಟು ಜೀಪಿನಲ್ಲೇ ಇತ್ತು, ಯಾರಿಗೂ ಬೇಕಾಗಿರಲಿಲ್ಲ. ಒಬ್ಬರು ಹಿರಿಯರು "ಈಗ ಚಿತ್ರ ಬಿಡಿಸುವ ಹೊತ್ತಾ?" ಅಂತಲೇ ಕೇಳಿದರು.

ಬೆಳಗ್ಗೆ ಆರಕ್ಕೆ ಕೊಟ್ಟಿಗೆಯ ಜಗಲಿಯಲ್ಲಿ ಶೀಟು ಹರಡಿದೆ. ಎಲ್ಲಿ ಹುಡುಕಿದ್ರಿ ಅಂತ ನಾನು ಯಾರನ್ನೂ ಕೇಳಲಿಲ್ಲ. ಅದನ್ನು ಕೇಳಿದರೆ "ಎಲ್ಲ ಕಡೆ" ಅನ್ನುತ್ತಾರೆ. ನಾಲ್ಕೂ ಗುಂಪಿನವರ ಫೋನಿನಲ್ಲಿ ರಾತ್ರಿ ಉಳಿದ ಜಾಡು ತೆರೆಸಿ, ಒಂದೊಂದೇ ನಂಬರ್ ಓದಿಸಿ ಪೆನ್ಸಿಲಿನಲ್ಲಿ ಗೀರಿದೆ. ಒಟ್ಟು ನಲ್ವತ್ತನಾಲ್ಕು ಚೌಕ ಅಂತ ನೆನಪು. ಮನೆ ಹಿಂದಿನ ಎರಡು ಚೌಕದಲ್ಲಿ ಮೂರು ಮೂರು ಗೀರು. 276 868 ಖಾಲಿ. ತೋಡಿನ ಗುಂಪು ಅದು ಗುಡ್ಡೆಯವರದ್ದು ಅಂದುಕೊಂಡಿತ್ತು, ಗುಡ್ಡೆಯವರು ಅದು ತೋಡಿನವರದ್ದು ಅಂತ. ಖಾಲಿ ಚೌಕ ಬೇರೆ ಐದಾರು ಇದ್ದವು. ಮೊದಲು ಇದಕ್ಕೇ ಯಾಕೆ ಕಳಿಸಿದೆ ಅಂದರೆ, ಅಲ್ಲಿ ನನ್ನ ಪೆನ್ಸಿಲಿನ ಹಳೆಯ ಸುರಂಗದ ಗುರುತು ಇತ್ತು. ಖಾಲಿ ಚೌಕಗಳಲ್ಲಿ ಯಾವುದು ಮೊದಲು ಅಂತ ಆರಿಸುವುದಕ್ಕೆ ನನ್ನದೇ ಬೇರೆ ಒಂದು ಲೆಕ್ಕವೂ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಮನೆಗೆ ಬನ್ನಿ, ಹೇಳುತ್ತೇನೆ.

ಏಳೂ ಮುಕ್ಕಾಲಿಗೆ ವಾಕಿಟಾಕಿ ಕರೆಯಿತು. "ಟೂ ಸೆವೆನ್ ಸಿಕ್ಸ್, ಏಯ್ಟ್ ಸಿಕ್ಸ್ ಏಯ್ಟ್. ಅಜ್ಜ ಇದ್ದಾರೆ. ಮಾತಾಡ್ತಾರೆ." ನಾನು ಅಭ್ಯಾಸದಂತೆ ನಂಬರನ್ನು ತಿರುಗಿ ಹೇಳಿದೆ, ಗಂಟಲು ಕಟ್ಟಿತ್ತು. ಮಣ್ಣು ಜರಿದಾಗ ಅಜ್ಜ ಮೇಲಿನಿಂದ ಸುತ್ತಿ ಆಚೆ ಇಳಿದಿದ್ದಾರೆ. ಜಾರಿ ಬಿದ್ದು ಕಾಲು ಉಳುಕಿತು. ತೆವಳಿ, ಒಣಗಿದ ಹಳೆ ಸುರಂಗದ ಬಾಯಿಗೆ ಹೋಗಿ ಕೂತಿದ್ದಾರೆ. ಕೂಗು ಕೇಳುತ್ತಿತ್ತಂತೆ, ಇವರ ಸ್ವರ ಮಳೆಗೆ ಹೊರಗೆ ಬರಲಿಲ್ಲ. ಚೇರಿನಲ್ಲಿ ಕೂರಿಸಿ ಹೊತ್ತು ತರುವಾಗ ಜೇಬಿನಿಂದ ಎಲೆ ಅಡಿಕೆ ತೆಗೆದರು, ಸುಣ್ಣ ಇದೆಯಾ ಅಂತ ಕೇಳಿದರು.

ಖರ್ಚಿನ ಲೆಕ್ಕ ಕೇಳುವವರಿಗೆ: ಹಳೆ ಹ್ಯಾಂಡ್‌ಸೆಟ್ ಜಿಪಿಎಸ್ ಆರೂವರೆ ಸಾವಿರ, ಒಂದೇ ಮಳೆಗಾಲದಲ್ಲಿ ಬಟನ್ ಒಳಗೆ ನೀರು ಹೋಗಿ ಸತ್ತಿತು. ಅದನ್ನು ತೆಗೆದುಕೊಂಡದ್ದೇ ತಪ್ಪು, ಫೋನ್ ಸಾಕು. ಪ್ರಿಂಟು, ಲ್ಯಾಮಿನೇಷನ್ ಮೂರು ವರ್ಷಕ್ಕೆ ಎಂಟು ಸಾವಿರದ ಹತ್ತಿರ. ಪವರ್ ಬ್ಯಾಂಕ್ ಎರಡು. ಚೌಕದೊಳಗೆ ಅಳೆಯುವ ರೋಮರ್ ಮಾತ್ರ ಪುಕ್ಕಟೆ, ಹಳೆ ಓಎಚ್‌ಪಿ ಪ್ಲಾಸ್ಟಿಕ್ ಹಾಳೆಯಲ್ಲಿ ನಾನೇ ಗೀಚಿದ್ದು. ಎಲ್ಲ ಸೇರಿ ಹದಿನೆಂಟೋ ಇಪ್ಪತ್ತೋ ಸಾವಿರ. "ತೋಟಕ್ಕೆ ಒಂದು ಸಲ ಮದ್ದು ಬಿಡುವ ದುಡ್ಡು" ಅಂತ ಮನೆಯವಳು ಹೇಳಿದ್ದು ಸರಿಯೇ. ಲ್ಯಾಮಿನೇಷನ್ ಮಾಡಿಸುವಾಗ ಅಂಚನ್ನು ಕಾಗದಕ್ಕೆ ತಾಗಿಸಿ ಕತ್ತರಿಸಲು ಬಿಡಬೇಡಿ. ಅರ್ಧ ಇಂಚು ಬಿಡಿಸಿ. ಇಲ್ಲದಿದ್ದರೆ ಮೊದಲ ಮಳೆಗೇ ಒಳಗೆ ನೀರು.

ಈಗ ಮಂಜೇಶ್ವರ ತಾಲೂಕಿನ ಹಾಳೆ ಮಾಡುತ್ತಿದ್ದೇನೆ. ಅಲ್ಲಿ ಇನ್ನೂ ಒಂದು ಗೆರೆ ಇದೆ, ಬಡಗಿನ ಲೆಕ್ಕ 14 ಲಕ್ಷ ದಾಟುವ ಗೆರೆ. ಅದಕ್ಕೆ 75 ಡಿಗ್ರಿಯದ್ದು ಅಡ್ಡ ಬಂದು ಡಿಪಿ, ಇಪಿ, ಡಿಕ್ಯೂ, ಇಕ್ಯೂ ನಾಲ್ಕೂ ತಾಲೂಕಿನೊಳಗೆ ಒಂದೇ ಕಡೆ ಸೇರುತ್ತವೆ. ಆ ಮೂಲೆಯ ಪಕ್ಕದ ಒಂದು ಚೌಕದ ನಂಬರ್ 000 000. ಕೆಂಪು, ನೀಲಿಗೆ ಇನ್ನೂ ಎರಡು ಬಣ್ಣ ಸೇರಿಸಿದ ಒಂದು ಹಾಳೆ ತೆಗೆಸಿ ನೋಡಿದೆ. ಹುಡುಗರು ಅದನ್ನು ಲೂಡೋ ಬೋರ್ಡ್ ಅನ್ನುತ್ತಿದ್ದಾರೆ. ಜೂನಿನೊಳಗೆ ಬೇರೆ ಏನಾದರೂ ಮಾಡಬೇಕು.