ಆರೋಗ್ಯ ನೀತಿ ಸಂಶೋಧಕರ ಪ್ರಕಟಣೆಗಳನ್ನೂ ಉಲ್ಲೇಖಗಳ ಲೆಕ್ಕವನ್ನೂ ಓದುವ ಬಗೆ

ಸಾಮಾಜಿಕ ನೀತಿ ಮತ್ತು ಸಾರ್ವಜನಿಕ ಆರೋಗ್ಯದ ಸಂಶೋಧಕರೊಬ್ಬರ ಹೆಸರನ್ನು ಗೂಗಲ್ ಸ್ಕಾಲರ್‌ನಲ್ಲಿ ಹುಡುಕಿ ಅವರ ಪುಟವನ್ನು ತೆರೆದರೆ ಮೊದಲು ಕಣ್ಣಿಗೆ ಬೀಳುವುದು ಮೂರು ಅಂಕಿಗಳು: ಒಟ್ಟು ಉಲ್ಲೇಖಗಳು (ಇತರರು ತಮ್ಮ ಬರಹಗಳಲ್ಲಿ ಅವರ ಬರಹಗಳನ್ನು ಹೆಸರಿಸಿದ ಎಣಿಕೆ), ಅದರಿಂದಲೇ ಲೆಕ್ಕ ಹಾಕುವ ಎಚ್-ಸೂಚ್ಯಂಕ ಮತ್ತು ಐ10-ಸೂಚ್ಯಂಕ. ಮಾರ್ಗದರ್ಶಕರನ್ನು ಅರಸುವ ಪಿಎಚ್.ಡಿ. ವಿದ್ಯಾರ್ಥಿ, ತಜ್ಞರ ಅಭಿಪ್ರಾಯ ಬೇಕಾದ ವರದಿಗಾರ, ನೇಮಕಾತಿ ಸಮಿತಿಯ ಸದಸ್ಯ, ಇವರಲ್ಲಿ ಹಲವರು ಆ ಅಂಕಿಗಳ ಬಳಿಯೇ ನಿಂತುಬಿಡುತ್ತಾರೆ. ನೀತಿ ಸಂಶೋಧಕರ ವಿಷಯದಲ್ಲಿ ಹಾಗೆ ನಿಲ್ಲುವುದು ಹೆಚ್ಚಿನ ತಪ್ಪಿಗೆ ದಾರಿಯಾಗುತ್ತದೆ, ಏಕೆಂದರೆ ಅವರ ಕೆಲಸದ ದೊಡ್ಡ ಪಾಲು ಆಯೋಗಗಳ ವರದಿಗಳಲ್ಲಿ, ಇಲಾಖೆಯ ಮಾರ್ಗಸೂಚಿಗಳಲ್ಲಿ, ತರಬೇತಿ ಕೈಪಿಡಿಗಳಲ್ಲಿ ಇರುತ್ತದೆ, ಮತ್ತು ಉಲ್ಲೇಖ ಎಣಿಸುವ ವ್ಯವಸ್ಥೆಗಳಿಗೆ ಅವುಗಳಲ್ಲಿ ಹಲವು ಕಾಣುವುದೇ ಇಲ್ಲ. ಆದುದರಿಂದ ಪಟ್ಟಿಯನ್ನು ಮೊದಲು ಓದಿ ಅಂಕಿಯನ್ನು ಆಮೇಲೆ ನೋಡುವ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಪಟ್ಟಿ ನಿಮಗೆ ಬೇಕಾದ ವ್ಯಕ್ತಿಯದೇ ಎಂಬುದನ್ನು ಎಲ್ಲಕ್ಕಿಂತ ಮೊದಲು ಖಚಿತಪಡಿಸಿಕೊಳ್ಳಬೇಕು. ಕನ್ನಡಿಗರ ಹೆಸರುಗಳಲ್ಲಿ ಇದು ಸಣ್ಣ ತೊಡಕಲ್ಲ. ನಮ್ಮಲ್ಲಿ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳು ಮುಂದೆ ಬಂದು ಸ್ವಂತ ಹೆಸರು ಕೊನೆಗೆ ಬರುವುದರಿಂದ, ಪಾಶ್ಚಾತ್ಯ ದತ್ತಾಂಶ ಕೋಶಗಳು ಆ ಸ್ವಂತ ಹೆಸರನ್ನೇ ಮನೆತನದ ಹೆಸರೆಂದು ಭಾವಿಸುತ್ತವೆ. ಮಂಜುನಾಥ ಎಂಬ ಹೆಸರಿನ ರೋಮನ್ ಕಾಗುಣಿತದಲ್ಲಿ ಕೊನೆಗೊಂದು ಅಕ್ಷರ ಸೇರಿದರೆ ಅಥವಾ ಬಿಟ್ಟುಹೋದರೆ ಒಬ್ಬರೇ ಇಬ್ಬರಾಗುತ್ತಾರೆ, ಮೊದಲಕ್ಷರಗಳು ಹೊಂದಿದರೆ ಇಬ್ಬರು ಒಬ್ಬರಾಗುತ್ತಾರೆ. ಇದಕ್ಕೆ ಪರಿಹಾರವಾಗಿ 2012ರಲ್ಲಿ ಆರಂಭವಾದ ಆರ್ಕಿಡ್ ಎಂಬ 16 ಅಂಕಿಗಳ ಗುರುತು ಸಂಖ್ಯೆ ಇದೆ. ಸಂಶೋಧಕರು ಅದನ್ನು ಪಡೆದಿದ್ದರೆ ಅಲ್ಲಿಂದಲೇ ಹೊರಡಿ. ಭಾರತದ ವಿಶ್ವವಿದ್ಯಾಲಯಗಳಲ್ಲಿರುವವರಾದರೆ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ವಿದ್ವಾನ್ ಕೋಶವನ್ನೂ ನೋಡಬಹುದು. ಗೂಗಲ್ ಸ್ಕಾಲರ್ ತನ್ನ ಲೆಕ್ಕಕ್ಕೆ ತಾನೇ ಲೇಖನಗಳನ್ನು ಸೇರಿಸಿಕೊಳ್ಳುತ್ತದೆ; ಸಾರ್ವಜನಿಕ ಆರೋಗ್ಯದ ಪುಟದಲ್ಲಿ ಇದ್ದಕ್ಕಿದ್ದಂತೆ ಲೋಹಶಾಸ್ತ್ರದ ಲೇಖನ ಕಂಡರೆ ಅದು ಬಹುಮುಖ ಪ್ರತಿಭೆಯ ಗುರುತಲ್ಲ, ಹೆಸರಿನ ಗೊಂದಲ.

ಅನಂತರ ಪಟ್ಟಿಯನ್ನು ವಿಂಗಡಿಸಬೇಕು. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಹೆಚ್ಚು ಸಮಯ ಸಲ್ಲಬೇಕಾದದ್ದು ಇಲ್ಲಿಗೇ. ಉದಾಹರಣೆಗೆ ಬ್ರಿಟನ್ನಿನ ಸಾರ್ವಜನಿಕ ಆರೋಗ್ಯ ಸಂಶೋಧಕ ಮೈಕೇಲ್ ಮಾರ್ಮಟ್ ಅವರ ಪ್ರಕಟಣೆಗಳನ್ನು ತೆಗೆದುಕೊಳ್ಳಿ. 1978ರಲ್ಲಿ ಅವರು ಮೂವರು ಸಹಲೇಖಕರೊಂದಿಗೆ ಪ್ರಕಟಿಸಿದ ಲೇಖನ ಲಂಡನ್ನಿನ 17,530 ಸರ್ಕಾರಿ ನೌಕರರನ್ನು ಏಳೂವರೆ ವರ್ಷ ಹಿಂಬಾಲಿಸಿದ ಅಧ್ಯಯನದ್ದು. ಕೆಳಹಂತದ ಜವಾನರಲ್ಲಿ ಹೃದಯದ ರಕ್ತನಾಳಗಳ ಕಾಯಿಲೆಯಿಂದಾಗುವ ಸಾವು ಮೇಲ್ದರ್ಜೆಯ ಆಡಳಿತಾಧಿಕಾರಿಗಳಲ್ಲಿರುವುದಕ್ಕಿಂತ 3.6 ಪಟ್ಟು ಇತ್ತೆಂದು ಅದು ತೋರಿಸಿತು. ವೈಟ್‌ಹಾಲ್ ಅಧ್ಯಯನವೆಂದು ಹೆಸರಾದ ಇದು ಮೂಲ ಅಧ್ಯಯನ. 1985ರಲ್ಲಿ ಆರಂಭವಾದ ಎರಡನೆಯ ವೈಟ್‌ಹಾಲ್ ಅಧ್ಯಯನದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ನೌಕರರಿದ್ದರು; ಅದರ ದತ್ತಾಂಶದಿಂದ ದಶಕಗಳ ಕಾಲ ಬೇರೆ ಬೇರೆ ತಂಡಗಳು ಲೇಖನ ಬರೆದಿವೆ. ಇದು ದೀರ್ಘಕಾಲದ ಸಾಮೂಹಿಕ ದುಡಿಮೆ. ವಿಶ್ವ ಆರೋಗ್ಯ ಸಂಸ್ಥೆಯು 2005ರಲ್ಲಿ ನೇಮಿಸಿದ ಆರೋಗ್ಯದ ಸಾಮಾಜಿಕ ನಿರ್ಧಾರಕಗಳ ಆಯೋಗಕ್ಕೆ ಅವರು ಅಧ್ಯಕ್ಷರಾಗಿದ್ದರು, ಅದರ ವರದಿ 2008ರಲ್ಲಿ ಬಂತು. ಇಂಗ್ಲೆಂಡಿನ ಆರೋಗ್ಯ ಅಸಮಾನತೆಯ ಪರಿಶೀಲನಾ ವರದಿ 2010ರಲ್ಲಿ. ಇವು ನೀತಿಯ ದಾಖಲೆಗಳು. ಈ ಮೂರು ಬಗೆಯ ಬರಹಗಳಲ್ಲಿ ಒಬ್ಬ ಲೇಖಕರ ಪಾತ್ರ ಒಂದೇ ಆಗಿರುವುದಿಲ್ಲ, ಅವು ಉಲ್ಲೇಖಗೊಳ್ಳುವ ಕಾರಣವೂ ಒಂದೇ ಅಲ್ಲ. ಮೂರನ್ನೂ ಒಟ್ಟು ಮೊತ್ತದಲ್ಲಿ ಕೂಡಿಸಿದರೆ ಆ ವ್ಯತ್ಯಾಸ ಕರಗಿಹೋಗುತ್ತದೆ. ನಿಮ್ಮ ಮುಂದಿರುವ ಪಟ್ಟಿಯನ್ನೂ ಮೂಲ ಅಧ್ಯಯನ, ಸಾಮೂಹಿಕ ಅಧ್ಯಯನ, ಪೂರ್ವ ಸಾಹಿತ್ಯದ ಸಮೀಕ್ಷೆ, ನೀತಿ ದಾಖಲೆ, ಸಂಪಾದಕೀಯ ಟಿಪ್ಪಣಿ ಎಂದು ಪೆನ್ಸಿಲಿನಲ್ಲಿ ಗುರುತು ಹಾಕುತ್ತ ಹೋಗಿ. ಐವತ್ತು ಪ್ರಕಟಣೆಗಳಿಗೆ ಒಂದು ಸಂಜೆ ಸಾಕು.

ಈಗ ಅಂಕಿಗೆ ಬರೋಣ. ಎಚ್-ಸೂಚ್ಯಂಕವನ್ನು ಸೂಚಿಸಿದವರು ಅಮೆರಿಕದ ಸ್ಯಾನ್ ಡಿಯಾಗೋದಲ್ಲಿದ್ದ ಭೌತಶಾಸ್ತ್ರಜ್ಞ ಹೋರ್ಹೆ ಹಿರ್ಷ್, 2005ರಲ್ಲಿ. ಒಬ್ಬರ ಎಷ್ಟು ಲೇಖನಗಳಿಗೆ ಕನಿಷ್ಠ ಅಷ್ಟೇ ಉಲ್ಲೇಖಗಳು ಸಿಕ್ಕಿವೆಯೋ ಆ ಅತಿ ದೊಡ್ಡ ಸಂಖ್ಯೆಯೇ ಅದು. ಅದನ್ನು ಕೈಯಲ್ಲೇ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಒಬ್ಬರ ಆರು ಲೇಖನಗಳಿಗೆ ಕ್ರಮವಾಗಿ 90, 41, 12, 5, 4, 2 ಉಲ್ಲೇಖಗಳಿವೆ ಎನ್ನಿ. ನಾಲ್ಕನೆಯ ಲೇಖನಕ್ಕೆ ನಾಲ್ಕಕ್ಕಿಂತ ಕಡಿಮೆ ಇಲ್ಲ, ಐದನೆಯದಕ್ಕೆ ಐದು ಇಲ್ಲ. ಆದ್ದರಿಂದ ಸೂಚ್ಯಂಕ 4. ಹತ್ತು ಅಥವಾ ಅದಕ್ಕಿಂತ ಹೆಚ್ಚು ಉಲ್ಲೇಖ ಪಡೆದ ಲೇಖನಗಳು ಮೂರಾದುದರಿಂದ ಐ10-ಸೂಚ್ಯಂಕ 3. ಮೊದಲ ಲೇಖನದ 90 ನಾಳೆ 9,000 ಆದರೂ ಎರಡೂ ಸೂಚ್ಯಂಕಗಳು ಕದಲುವುದಿಲ್ಲ. ದೇಶದ ಕಾನೂನನ್ನೇ ಬದಲಿಸಿದ ಒಂದು ಲೇಖನ ಬರೆದವರಿಗಿಂತ ಸಾಧಾರಣವಾದ ಇಪ್ಪತ್ತು ಬರೆದವರು ಈ ಅಳತೆಯಲ್ಲಿ ಮುಂದಿರಬಹುದು. ಜತೆಗೆ ಈ ಸಂಖ್ಯೆ ವಯಸ್ಸಿನೊಂದಿಗೆ ಏರುತ್ತದೆಯೇ ಹೊರತು ಎಂದೂ ಇಳಿಯುವುದಿಲ್ಲ. ಆದ್ದರಿಂದ ಹೋಲಿಸಲೇಬೇಕಾದರೆ ಒಂದೇ ವಿಷಯದಲ್ಲಿ ಸರಿಸುಮಾರು ಅಷ್ಟೇ ವರ್ಷ ದುಡಿದವರನ್ನು ಹೋಲಿಸಬೇಕು.

ಒಬ್ಬರೇ ವ್ಯಕ್ತಿಗೆ ಗೂಗಲ್ ಸ್ಕಾಲರ್, ಸ್ಕೋಪಸ್, ವೆಬ್ ಆಫ್ ಸೈನ್ಸ್ ಎಂಬ ಉಲ್ಲೇಖ ಕೋಶಗಳು ಮೂರು ಬೇರೆ ಅಂಕಿ ಕೊಡುವುದು ಸಹಜ. ಗೂಗಲ್ ಪ್ರೌಢಪ್ರಬಂಧ, ವರದಿ, ಪುಸ್ತಕಗಳಲ್ಲಿನ ಉಲ್ಲೇಖಗಳನ್ನೂ ಸೇರಿಸುತ್ತದೆ. ಉಳಿದೆರಡು ತಾವು ಆಯ್ದ ಜರ್ನಲ್‌ಗಳಿಗೆ ಹೆಚ್ಚು ಕಟ್ಟುಬಿದ್ದಿವೆ. ಅರ್ಜಿಯಲ್ಲಿ ಅಂಕಿ ಇದ್ದು ಕೋಶದ ಹೆಸರು ಇಲ್ಲದಿದ್ದರೆ ಕೇಳಿಯೇ ತಿಳಿದುಕೊಳ್ಳಬೇಕು.

ಅತಿ ಹೆಚ್ಚು ಉಲ್ಲೇಖ ಪಡೆದ ಐದು ಲೇಖನಗಳನ್ನು ಆರಿಸಿ ಅವುಗಳ ಲೇಖಕರ ಸಾಲನ್ನು ನೋಡಿ. ಜಾಗತಿಕ ರೋಗಭಾರದ ಅಧ್ಯಯನದ ಲೇಖನಗಳಲ್ಲಿ ನೂರಾರು ಸಹಲೇಖಕರಿರುತ್ತಾರೆ; ಅವು ಸಾವಿರಾರು ಬಾರಿ ಉಲ್ಲೇಖಗೊಳ್ಳುತ್ತವೆ ಮತ್ತು ಆ ಸಾವಿರಗಳು ಪ್ರತಿಯೊಬ್ಬರ ಪುಟಕ್ಕೂ ಪೂರ್ತಿಯಾಗಿ ಜಮೆಯಾಗುತ್ತವೆ. ಇದರಲ್ಲಿ ವಂಚನೆ ಏನೂ ಇಲ್ಲ, ಆದರೆ ಅಂಥ ಲೇಖನಗಳನ್ನು ಬದಿಗಿಟ್ಟು ಉಳಿದವುಗಳ ಮೊತ್ತವನ್ನು ಪ್ರತ್ಯೇಕವಾಗಿ ಬರೆದುಕೊಂಡರೆ ಚಿತ್ರ ಸ್ಪಷ್ಟವಾಗುತ್ತದೆ.

ಆಮೇಲೆ, ಸಾಮಾನ್ಯವಾಗಿ ಯಾರೂ ಮಾಡದ ಕೆಲಸವೊಂದಿದೆ: ಉಲ್ಲೇಖಿಸಿದವರು ಏನು ಹೇಳಿದ್ದಾರೆ ಎಂದು ತೆರೆದು ಓದುವುದು. ಲಸಿಕೆಗೂ ಆಟಿಸಂಗೂ ನಂಟು ಕಲ್ಪಿಸಿ 1998ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಜರ್ನಲ್‌ನಲ್ಲಿ ಬಂದ ಲೇಖನ ಕೇವಲ 12 ಮಕ್ಕಳನ್ನು ಕುರಿತದ್ದು. 2010ರಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಅದಕ್ಕಿರುವ ಅಪಾರ ಉಲ್ಲೇಖಗಳಲ್ಲಿ ಬಹುಪಾಲು ಅದನ್ನು ಖಂಡಿಸುವಂಥವು, ಆದರೆ ಎಣಿಕೆಗೆ ಖಂಡನೆಯೂ ಒಂದೇ ಹೊಗಳಿಕೆಯೂ ಒಂದೇ. ಇದಕ್ಕೆ ತಿರುಗುಮುರುಗಾದ ಸ್ಥಿತಿಯೂ ಉಂಟು. ಆರೋಗ್ಯ ಸೇವೆ ಯಾರಿಗೆ ಹೆಚ್ಚು ಅಗತ್ಯವೋ ಅವರಿಗೇ ಕಡಿಮೆ ಸಿಗುತ್ತದೆ ಎಂಬ ವಿಲೋಮ ನಿಯಮವನ್ನು ವೇಲ್ಸ್‌ನ ಗಣಿ ಊರೊಂದರ ವೈದ್ಯ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲಿ ಬರೆದರು. ಇಂದು ಆ ನಿಯಮದ ಮಾತನ್ನು ಲೇಖಕರ ಹೆಸರು ಹೇಳದೆಯೇ ಬಳಸುವವರಿದ್ದಾರೆ. ಊರಿನ ಎಲ್ಲರ ಬಾಯಲ್ಲಿರುವ ಗಾದೆಗೆ ಕರ್ತೃವನ್ನು ಯಾರೂ ಕೇಳುವುದಿಲ್ಲವಷ್ಟೆ. ಹೀಗಾಗಿ ಮುಖ್ಯವಾದ ಪ್ರತಿಯೊಂದು ಲೇಖನಕ್ಕೂ ಇಪ್ಪತ್ತು ಉಲ್ಲೇಖಗಳನ್ನಾದರೂ ತೆರೆದು, ವಿಧಾನವನ್ನು ಬಳಸಿದ್ದು, ಫಲಿತಾಂಶವನ್ನು ಆಧರಿಸಿದ್ದು, ವಿರೋಧಿಸಿದ್ದು, ಸುಮ್ಮನೆ ಸಾಲಿನ ಕೊನೆಗೆ ಹೆಸರು ಹಾಕಿದ್ದು ಎಂದು ಗುರುತು ಮಾಡಿಕೊಳ್ಳಿ. ಕೊನೆಯ ಗುಂಪು ದೊಡ್ಡದಾಗಿದ್ದರೆ ಆಶ್ಚರ್ಯಪಡಬೇಕಿಲ್ಲ.

ಜರ್ನಲ್‌ಗಳಾಚೆಗಿನ ಪರಿಣಾಮವನ್ನು ಹುಡುಕಲು ಬೇರೆ ದಾರಿ ಹಿಡಿಯಬೇಕು. ನೀತಿ ದಾಖಲೆಗಳಲ್ಲಿನ ಉಲ್ಲೇಖಗಳನ್ನು ಸಂಗ್ರಹಿಸುವ ಓವರ್‌ಟನ್ ಎಂಬ ಕೋಶವಿದೆ. ಅದಕ್ಕೆ ಗ್ರಂಥಾಲಯದ ಚಂದಾ ಇಲ್ಲದಿದ್ದರೆ ವಿಶ್ವ ಆರೋಗ್ಯ ಸಂಸ್ಥೆಯ ಐರಿಸ್ ಭಂಡಾರದಲ್ಲಿ ಸಂಶೋಧಕರ ಹೆಸರನ್ನು ಉಚಿತವಾಗಿ ಹುಡುಕಬಹುದು. ಬ್ರಿಟನ್ನಿನ ಸಂಶೋಧನಾ ಮೌಲ್ಯಮಾಪನದಲ್ಲಿ ಸಮಾಜದ ಮೇಲಿನ ಪರಿಣಾಮಕ್ಕೆ 2014ರಲ್ಲಿ ಶೇ. 20, 2021ರಲ್ಲಿ ಶೇ. 25 ತೂಕ ಕೊಡಲಾಯಿತು. ಅದಕ್ಕಾಗಿ ವಿಶ್ವವಿದ್ಯಾಲಯಗಳು ಸಲ್ಲಿಸಿದ ಪ್ರಕರಣ ವಿವರಣೆಗಳು ಸಾರ್ವಜನಿಕವಾಗಿ ಲಭ್ಯವಿದ್ದು, ಅಲ್ಲಿನ ಸಂಶೋಧಕರ ಬಗ್ಗೆ ತಿಳಿಯಲು ಒಳ್ಳೆಯ ಆಕರ. ಅವು ಸಂಸ್ಥೆಗಳು ತಮ್ಮನ್ನು ತಾವೇ ಮೆಚ್ಚಿಸಿಕೊಳ್ಳಲು ಬರೆದವು ಎಂಬುದನ್ನು ಮಾತ್ರ ಓದುವಾಗ ನೆನಪಿಡಬೇಕು.

ಕರ್ನಾಟಕದ ಎರಡು ಉದಾಹರಣೆಗಳನ್ನು ಪಕ್ಕಪಕ್ಕದಲ್ಲಿಟ್ಟರೆ ವಿಷಯ ತಿಳಿಯಾಗುತ್ತದೆ. ಬಡ ಕುಟುಂಬಗಳಿಗೆ ಆರೋಗ್ಯ ವಿಮೆ ಕೊಟ್ಟ ವಾಜಪೇಯಿ ಆರೋಗ್ಯಶ್ರೀ ಯೋಜನೆಯ ಬಗ್ಗೆ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನ, ಯೋಜನೆ ಜಾರಿಯಾದ ಮತ್ತು ಇನ್ನೂ ಜಾರಿಯಾಗದ ಪ್ರದೇಶಗಳ ಗಡಿಯ ಎರಡೂ ಬದಿಯ 572 ಹಳ್ಳಿಗಳನ್ನು ಹೋಲಿಸಿತು. ವಿಮೆಗೆ ಒಳಪಟ್ಟ ಕಾಯಿಲೆಗಳಿಂದಾದ ಸಾವು ಯೋಜನೆಯಿದ್ದ ಕಡೆಯ ಬಡ ಕುಟುಂಬಗಳಲ್ಲಿ ಶೇ. 0.32, ಇಲ್ಲದ ಕಡೆ ಶೇ. 0.90 ಇತ್ತು. ಈ ಲೇಖನಕ್ಕೆ ಸಿಕ್ಕ ಪ್ರತಿ ಉಲ್ಲೇಖವನ್ನೂ ಕೋಶಗಳು ಎಣಿಸುತ್ತವೆ. ಡಾ. ಎಚ್. ಸುದರ್ಶನ್ ಅವರ ಅಧ್ಯಕ್ಷತೆಯ ರಾಜ್ಯ ಆರೋಗ್ಯ ಕಾರ್ಯಪಡೆ 2001ರಲ್ಲಿ ಸರ್ಕಾರಕ್ಕೆ ಕೊಟ್ಟ ವರದಿಯಾದರೋ ಜರ್ನಲ್ ಲೇಖನವಲ್ಲ. ಅದಕ್ಕಾಗಿ ದುಡಿದವರ ಎಚ್-ಸೂಚ್ಯಂಕದಲ್ಲಿ ಆ ದುಡಿಮೆಯನ್ನು ಹುಡುಕಿದರೆ ಸಿಗದು. ಆಶಾ ಕಾರ್ಯಕರ್ತೆಯರಿಗಾಗಿ ಕನ್ನಡದಲ್ಲಿ ಬರೆದ ಕೈಪಿಡಿಯ ಗತಿಯೂ ಇದೇ. ಇಂಥವುಗಳಿಗೆ ಸರ್ಕಾರಿ ಆದೇಶ, ಸದನದ ಪ್ರಶ್ನೋತ್ತರ, ತರಬೇತಿ ಪಠ್ಯಗಳನ್ನು ಕೈಯಾರೆ ಹುಡುಕಬೇಕಾಗುತ್ತದೆ. ಸಂಶೋಧಕರನ್ನೇ ನೇರವಾಗಿ ಕೇಳಿದರೆ ದಾಖಲೆಯ ಪ್ರತಿಯೊಂದಿಗೆ ಉತ್ತರಿಸುವವರೇ ಹೆಚ್ಚು.

ಕೊನೆಗೆ ಟಿಪ್ಪಣಿ ಬರೆಯುವಾಗ ಪ್ರತಿ ಅಂಕಿಯ ಮುಂದೆ ಕೋಶದ ಹೆಸರನ್ನೂ ನೋಡಿದ ದಿನಾಂಕವನ್ನೂ ನಮೂದಿಸಿ, ಏಕೆಂದರೆ ಗೂಗಲ್‌ನ ಲೆಕ್ಕ ವಾರದಿಂದ ವಾರಕ್ಕೆ ಬದಲಾಗುತ್ತದೆ. ಜರ್ನಲ್‌ನ ಪ್ರಭಾವಾಂಕವನ್ನು, ಅಂದರೆ ಅದರ ಲೇಖನಗಳಿಗೆ ಸರಾಸರಿ ಸಿಗುವ ಉಲ್ಲೇಖಗಳ ಸಂಖ್ಯೆಯನ್ನು, ವ್ಯಕ್ತಿಯ ಅಳತೆಯಾಗಿ ಬಳಸಬೇಡಿ. ಸಂಶೋಧನೆಯ ಮೌಲ್ಯಮಾಪನದ ಬಗ್ಗೆ 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರೂಪುಗೊಂಡ ಘೋಷಣೆ ಬೇಡವೆಂದು ಹೇಳಿದ್ದೂ ಅದನ್ನೇ. ಒಟ್ಟು ಮೊತ್ತದ ಕೆಳಗೆ ಮೂರು ಪ್ರಕಟಣೆಗಳನ್ನು ಹೆಸರಿಸಿ, ಪ್ರತಿಯೊಂದನ್ನೂ ಯಾರು ಯಾತಕ್ಕಾಗಿ ಬಳಸಿದರು ಎಂದು ಎರಡೆರಡು ವಾಕ್ಯ ಬರೆಯಿರಿ, ಮತ್ತು ಆ ಟಿಪ್ಪಣಿಯನ್ನು ಸಮಿತಿಗೆ ಒಪ್ಪಿಸುವ ಮುನ್ನ ಸಂಶೋಧಕರಿಗೆ ಒಮ್ಮೆ ತೋರಿಸಿ ಬಿಟ್ಟುಹೋದ ವರದಿಗಳನ್ನು ಸೇರಿಸಿಕೊಳ್ಳಿ.