ಡೇಟಾಬೇಸ್ ನಕ್ಷೆ ಬರೆಯಿರಿ, ಬಿಡಿಸಬೇಡಿ

ಕಾಲೇಜು ಪ್ರಾಜೆಕ್ಟಿಗೆ ಲೈಬ್ರರಿ ತಂತ್ರಾಂಶ ಮಾಡುವವರು ಮೊದಲು ಬಾಕ್ಸು, ಬಾಣ ಬಿಡಿಸಿ ಸ್ಕ್ರೀನ್‌ಶಾಟ್ ಅನ್ನು ವಾಟ್ಸಾಪ್‌ಗೆ ಹಾಕುತ್ತಾರೆ. ಎರಡು ವಾರಕ್ಕೆ ಚಿತ್ರವೇ ಒಂದು, ಡೇಟಾಬೇಸೇ ಇನ್ನೊಂದು. ಡೇಟಾಬೇಸಿನ ರಚನೆಯನ್ನು ಅಕ್ಷರಗಳಲ್ಲೇ ಹೇಳುವ ಡಿಬಿಎಂಎಲ್ ಭಾಷೆಯಲ್ಲಿ ಬರೆದರೆ ಆ ಗೋಳಿಲ್ಲ. ಅದು ಬರೀ ಅಕ್ಷರಗಳ ಫೈಲು. ಫೈಲಿನ ಬದಲಾವಣೆಗಳ ದಾಖಲೆ ಇಡುವ ಗಿಟ್‌ಗೆ ಸೇರಿಸಿದರೆ ಯಾರು ಯಾವ ಕಾಲಂ ಬದಲಿಸಿದರೆಂದು ಸಾಲುಸಾಲಾಗಿ ಕಾಣುತ್ತದೆ.

ಹಂತ 1: ‘ಟೇಬಲ್’ ಎಂಬ ಪದ, ಅದರ ಹೆಸರು, ಕರ್ಲಿ ಬ್ರ್ಯಾಕೆಟ್ ಒಳಗೆ ಸಾಲಿಗೊಂದು ಕಾಲಂ. ಪ್ರೈಮರಿ ಕೀ (ಪ್ರತಿ ದಾಖಲೆಯನ್ನೂ ಬೇರೆಯಾಗಿ ಗುರುತಿಸುವ ಕೀ) ಎಂಬಂಥ ಗುಣಗಳು ಚೌಕ ಬ್ರ್ಯಾಕೆಟ್‌ಗೆ. ಇಲ್ಲಿ ನಾನು ಹೆಸರುಗಳನ್ನು ಕನ್ನಡದಲ್ಲಿ ಕೊಟ್ಟಿದ್ದರೂ ಫೈಲಿನಲ್ಲಿ ಇಂಗ್ಲಿಷ್ ಅಕ್ಷರಗಳೇ ಇರಲಿ.

ಹಂತ 2: ಟೈಪ್, ಅಂದರೆ ಕಾಲಂನಲ್ಲಿ ಎಂಥ ಮಾಹಿತಿ ಇರುತ್ತದೆ ಎಂಬುದು. ಫೋನ್ ನಂಬರನ್ನು ಇಂಟಿಜರ್ (ಪೂರ್ಣಸಂಖ್ಯೆ) ಮಾಡಬೇಡಿ, ಮುಂದಿನ ಸೊನ್ನೆ ಹಾರಿಹೋಗುತ್ತದೆ. ಹೆಸರಿನ ಕಾಲಂಗೆ ಉದ್ದ ಧಾರಾಳವಾಗಿ ಕೊಡಿ. ‘ಲಕ್ಷ್ಮೀ’ ಕಣ್ಣಿಗೆ ಎರಡೇ ಅಕ್ಷರ, ಯೂನಿಕೋಡ್ ಲೆಕ್ಕದಲ್ಲಿ 7.

ಹಂತ 3: ಸಂಬಂಧ. ಎಲ್ಲರೂ ಎಡವುವುದು ಇಲ್ಲೇ. ‘ರೆಫ್’ ಎಂದು ಬರೆದು, ಎರಡು ಕಾಲಂಗಳ ನಡುವೆ ‘>’ ಅಥವಾ ‘<’ ಚಿಹ್ನೆ ಹಾಕಬೇಕು. ಅದನ್ನು ಬಾಣವೆಂದು ಓದಿದರೆ ಕೆಟ್ಟಿರಿ. ಬಾಯಿ ಎಂದು ಓದಿ: ಬಾಯಿ ತೆರೆದ ಕಡೆ ‘ಹಲವು’, ಚೂಪು ತುದಿಯ ಕಡೆ ‘ಒಂದು’. ‘ಎರವಲು.ಸದಸ್ಯಸಂಖ್ಯೆ > ಸದಸ್ಯ.ಸಂಖ್ಯೆ’ ಅಂದರೆ ಒಬ್ಬ ಸದಸ್ಯರಿಗೆ ಹಲವು ಎರವಲು. ಚಿಹ್ನೆ ತಿರುಗಿದರೆ ಒಂದು ಎರವಲಿಗೆ ಹಲವು ಸದಸ್ಯರು! ಬರೆದ ಪ್ರತಿ ಸಾಲನ್ನೂ ಹೀಗೆ ಬಾಯಿಬಿಟ್ಟು ಓದಿ. ಮಾತು ಅಸಂಬದ್ಧ ಅನ್ನಿಸಿದರೆ ಸಾಲೂ ತಪ್ಪೇ. ಒಂದಕ್ಕೊಂದು ಸಂಬಂಧಕ್ಕೆ ‘-’ ಸಾಕು.

‘<>’ ಎಂಬ ಅಡ್ಡದಾರಿಯೂ ಇದೆ, ಹಲವಕ್ಕೆ ಹಲವು. ಸದಸ್ಯ, ಪುಸ್ತಕಗಳ ನಡುವೆ ಅದನ್ನು ಹಾಕಿದರೆ ಫೈಲನ್ನು ಎಸ್‌ಕ್ಯೂಎಲ್ (ಡೇಟಾಬೇಸಿಗೆ ಆದೇಶ ಕೊಡುವ ಭಾಷೆ) ಮಾಡುವಾಗ ನಡುವಿನ ಟೇಬಲ್ ತಾನೇ ಹುಟ್ಟುತ್ತದೆ. ಆದರೆ ಅದರಲ್ಲಿ ಎರಡು ಸಂಖ್ಯೆಗಳಷ್ಟೇ. ಕೊಟ್ಟ ದಿನ, ಮರಳಿಸಿದ ದಿನ ಎಲ್ಲಿ ಬರೆಯುತ್ತೀರಿ? ‘ಎರವಲು’ ಟೇಬಲನ್ನು ನೀವೇ ಬರೆಯಿರಿ, ಅದಕ್ಕೆ ತನ್ನದೇ ಪ್ರೈಮರಿ ಕೀ ಕೊಡಿ.

ಹಂತ 4: ಫೈಲನ್ನು ಡಿಬಿಎಂಎಲ್ ಕಮಾಂಡ್‌ಲೈನ್ ಉಪಕರಣದಿಂದ ಮೈಎಸ್‌ಕ್ಯೂಎಲ್ ಅಥವಾ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಎಸ್‌ಕ್ಯೂಎಲ್‌ಗೆ ಬದಲಿಸಿ. ಹಳೇ ಡೇಟಾಬೇಸ್ ಇದ್ದರೆ ಅದರ ಎಸ್‌ಕ್ಯೂಎಲ್‌ನಿಂದ ಡಿಬಿಎಂಎಲ್ ತೆಗೆಯಲೂ ಬರುತ್ತದೆ. ಕೈಯಾರೆ ಟೈಪ್ ಮಾಡುತ್ತ ಕೂರಬೇಡಿ.

ಆಮೇಲೆ ಒಬ್ಬರೇ ಸದಸ್ಯರಿಗೆ ಅದೇ ಪುಸ್ತಕವನ್ನು ಬೇರೆ ಬೇರೆ ದಿನ ಎರಡು ಸಲ ಕೊಟ್ಟು ನೋಡಿ. ಎರಡನೇ ಸಲ ಎರರ್ ಬಂದರೆ ‘ಎರವಲು’ ಟೇಬಲಿಗೆ ಬಹುಶಃ ತನ್ನದೇ ಪ್ರೈಮರಿ ಕೀ ಸಿಕ್ಕಿಲ್ಲ, ಮೂರನೇ ಹಂತಕ್ಕೆ ವಾಪಸ್ ಹೋಗಿ.