ಕನ್ನಡ ಅನುವಾದಕ್ಕೆ ಫ್ರೀಲಾನ್ಸರ್ ಆಗಿ ಕೂರುವ ಮುನ್ನ ನಾನು ಹೊಂದಿಸಿಕೊಂಡದ್ದು

ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡಲು ದುಬಾರಿ ಯಂತ್ರವೇನೂ ಬೇಕಿಲ್ಲ. 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ ಇರುವ ಸಾಧಾರಣ ಲ್ಯಾಪ್‌ಟಾಪ್ ಸಾಕು. 8 ಜಿಬಿಯಲ್ಲೂ ನಡೆಯುತ್ತದೆ, ಆದರೆ ಬ್ರೌಸರಿನ ಹದಿನೈದು ಟ್ಯಾಬಿನ ಜೊತೆಗೆ 200 ಪುಟದ ಪಿಡಿಎಫ್ ತೆರೆದರೆ ಏದುಸಿರು ಬಿಡುತ್ತದೆ. ಉಳಿಸಿದ ದುಡ್ಡನ್ನು ನಾನು 24 ಇಂಚಿನ ಮಾನಿಟರಿಗೆ ಹಾಕಿದೆ. ಚಿಕ್ಕ ಪರದೆಯಲ್ಲಿ ದ-ಧ, ಬ-ಭಗಳ ವ್ಯತ್ಯಾಸ ಸಂಜೆಯ ಹೊತ್ತಿಗೆ ಕಣ್ಣಿಗೆ ಸಿಗುವುದಿಲ್ಲ. ಕರೆಂಟು ಹೋದರೂ ಲ್ಯಾಪ್‌ಟಾಪ್ ನಡೆಯುತ್ತದೆ, ಇಂಟರ್ನೆಟ್ ನಡೆಯುವುದಿಲ್ಲ. ಹಾಗಾಗಿ ರೌಟರಿಗೊಂದು ಪುಟ್ಟ ಯುಪಿಎಸ್ ಬೇಕು. ಕೊಳ್ಳುವ ಮುಂಚೆ ರೌಟರಿನ ಅಡಾಪ್ಟರ್ ಮೇಲೆ 9 ವೋಲ್ಟ್ ಇದೆಯೋ 12 ವೋಲ್ಟ್ ಇದೆಯೋ ಓದಿಕೊಳ್ಳಿ. ಹೆಚ್ಚಿನ ವೋಲ್ಟ್ ಕೊಟ್ಟರೆ ರೌಟರ್ ಸುಟ್ಟುಹೋದೀತು.

ಕೀಲಿಮಣೆ ವಿನ್ಯಾಸ ಒಂದನ್ನೇ ಹಿಡಿಯಿರಿ. ಕೆ.ಪಿ. ರಾವ್ ವಿನ್ಯಾಸ ಅಥವಾ ವಿಂಡೋಸ್ ಜೊತೆಗೇ ಬರುವ ಇನ್‌ಸ್ಕ್ರಿಪ್ಟ್, ಎರಡರಲ್ಲಿ ಯಾವುದಾದರೂ ಸರಿ. ಇಂಗ್ಲಿಷ್ ಅಕ್ಷರ ಒತ್ತಿ ಪಟ್ಟಿಯಿಂದ ಪದ ಆರಿಸುವ ಉಪಾಯ ವಾಟ್ಸಾಪಿಗೆ ಸಾಕು, ಹೊಟ್ಟೆಪಾಡಿಗೆ ಸಾಲದು. ಪ್ರತಿ ಪದಕ್ಕೂ ಕಣ್ಣು ಪಟ್ಟಿಯ ಕಡೆ ಹೋದರೆ ದಿನಕ್ಕೆ 2,000 ಪದ ಮುಟ್ಟುವುದು ಕಷ್ಟ.

ನಿಜವಾದ ಉಪಕರಣವೆಂದರೆ ಶುದ್ಧ ಪಠ್ಯ. ಕನ್ನಡದ ಕಡತ ಗ್ರಾಹಕರಿಂದ ತಿರುಗಿ ಬರುವುದು ಅನುವಾದ ಕೆಟ್ಟದ್ದಕ್ಕಿಂತ ಅಕ್ಷರ ಕೆಟ್ಟದ್ದಕ್ಕೇ ಹೆಚ್ಚು. ಸರ್ಕಾರಿ ಕಚೇರಿ, ಮುದ್ರಣಾಲಯಗಳಿಂದ ಇವತ್ತಿಗೂ ಹಳೆಯ ನುಡಿ, ಬರಹ ಫಾಂಟುಗಳ ಕಡತ ಬರುತ್ತದೆ. ಅವು ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ, ಅಲ್ಲ. ಕಂಪ್ಯೂಟರಿನ ಲೆಕ್ಕದಲ್ಲಿ ಅಲ್ಲಿರುವುದು ಲ್ಯಾಟಿನ್ ಅಕ್ಷರಗಳೇ, ಮೇಲೆ ಕನ್ನಡದ ವೇಷ ಅಷ್ಟೆ. ಯೂನಿಕೋಡಿಗೆ ಬದಲಿಸುವ ಪರಿವರ್ತಕದಲ್ಲಿ ಹಾಕಿ ತೆಗೆದ ಮೇಲೆ ಅರ್ಕಾವತ್ತು, ದೀರ್ಘ, ಮಧ್ಯೆ ಇದ್ದ ಇಂಗ್ಲಿಷ್ ಪದ ಈ ಮೂರನ್ನು ಕೈಯಾರೆ ನೋಡಲೇಬೇಕು. ಇಂಗ್ಲಿಷ್ ಪದವನ್ನೂ ಪರಿವರ್ತಕ ಕನ್ನಡವೆಂದೇ ತಿಳಿದು ಕಲಸಿಬಿಡುತ್ತದೆ.

ಟೈಪಿಸ್ಟರು ಬಿಂದುವಿನ ಜಾಗದಲ್ಲಿ ಕನ್ನಡದ ಸೊನ್ನೆ ಒತ್ತಿರುತ್ತಾರೆ. ಕಂಪನಿ ಮತ್ತು ಕ೦ಪನಿ ಕಣ್ಣಿಗೆ ಒಂದೇ; ಹುಡುಕಿದರೆ ಎರಡನೆಯದು ಸಿಗುವುದಿಲ್ಲ. ವಿಸರ್ಗದ ಜಾಗದಲ್ಲಿ ಕೋಲನ್ ಹಾಕುವುದೂ ಇದೇ ಜಾತಿಯ ತಪ್ಪು. ಕಣ್ಣಿಗೆ ಕಾಣದ ಇನ್ನೆರಡು ಚಿಹ್ನೆಗಳಿವೆ. ಸಾಫ್ಟ್‌ವೇರ್ ಎಂದು ಬಿಡಿಸಿ ಬರೆಯಲು ನಡುವೆ ಜೋಡಣೆ ತಡೆಯುವ ಚಿಹ್ನೆ ಬೇಕು, ಇಲ್ಲದಿದ್ದರೆ ಸಾಫ್ಟ್ವೇರ್ ಎಂದು ಒತ್ತಕ್ಷರವಾಗುತ್ತದೆ. ರ‍್ಯಾಂಕ್ ಬರೆಯಲು ರಕಾರದ ಬೆನ್ನಿಗೆ ಜೋಡಣೆಯ ಚಿಹ್ನೆ ಬೇಕು, ಅದು ಬಿದ್ದುಹೋದರೆ ರ್ಯಾಂಕ್ ಎಂದು ಅರ್ಕಾವತ್ತು ಬಂದು ಕೂರುತ್ತದೆ. ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಅಂಟಿಸುವಾಗ ಇವು ಉದುರುವುದುಂಟು. ಆದ್ದರಿಂದ ಒಪ್ಪಿಸುವ ಮುನ್ನ ಈ ನಾಲ್ಕನ್ನೂ ಹುಡುಕಿ ತಿದ್ದುವುದು ನನ್ನ ಕೊನೆಯ ಹತ್ತು ನಿಮಿಷದ ಕೆಲಸ. ಇನ್‌ಡಿಸೈನಿನಲ್ಲಿ ಪುಟ ಕಟ್ಟುವವರಿಗೆ ಕಡತ ಕೊಡುವಾಗ ‘ವರ್ಲ್ಡ್ ರೆಡಿ ಕಂಪೋಸರ್’ ಆಯ್ಕೆ ಮಾಡಿ ಎಂದು ಪತ್ರದಲ್ಲೇ ಬರೆಯುತ್ತೇನೆ. ಮಾಡದಿದ್ದರೆ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ, ದೂರು ಮಾತ್ರ ಅನುವಾದಕರ ತಲೆಗೆ.

ಅನುವಾದದ ತಂತ್ರಾಂಶಕ್ಕೆ ಮೊದಲ ವರ್ಷ ಹಣ ಸುರಿಯಬೇಡಿ. ಒಮೇಗಾಟಿ ಉಚಿತ, ಮಾಡಿದ ವಾಕ್ಯಗಳ ನೆನಪನ್ನು ಟಿಎಂಎಕ್ಸ್ ಕಡತವಾಗಿ ಉಳಿಸುತ್ತದೆ, ಅದನ್ನು ಮುಂದೆ ದುಡ್ಡು ಕೊಟ್ಟು ಕೊಳ್ಳುವ ಟ್ರಾಡೋಸ್, ಮೆಮೊಕ್ಯೂ ಎರಡಕ್ಕೂ ಒಯ್ಯಬಹುದು. ದೊಡ್ಡ ಏಜೆನ್ಸಿಗಳು ಹೆಚ್ಚಾಗಿ ತಮ್ಮದೇ ಆನ್‌ಲೈನ್ ವ್ಯವಸ್ಥೆಗೆ ಪ್ರವೇಶ ಕೊಡುತ್ತವೆ. ನಿಘಂಟಿಗೆ ವಿ. ಕೃಷ್ಣ ಅವರ ‘ಅಲರ್’ ಮತ್ತು ಸರ್ಕಾರದ ‘ಪದಕಣಜ’ ಸದಾ ತೆರೆದಿರುತ್ತವೆ. ಇವೆಲ್ಲಕ್ಕಿಂತ ಹೆಚ್ಚು ಬೆಲೆಯದು ಗ್ರಾಹಕರಿಗೊಂದರಂತೆ ನೀವೇ ಕಟ್ಟುವ ಪದಪಟ್ಟಿ: ಅವರು ‘ಖಾತೆ’ ಅನ್ನುತ್ತಾರೋ ‘ಅಕೌಂಟ್’ ಅನ್ನುತ್ತಾರೋ ಮೊದಲ ವಾರದಲ್ಲೇ ಲಿಖಿತವಾಗಿ ಒಪ್ಪಿಸಿಕೊಳ್ಳಿ.

ಆ್ಯಪ್‌ಗಳ ಕೆಲಸದಲ್ಲಿ ವಿಭಕ್ತಿ ಪ್ರತ್ಯಯ ಕೈಕೊಡುತ್ತದೆ. ಇಂಗ್ಲಿಷಿನಲ್ಲಿ ಹೆಸರಿನ ಜಾಗ ಖಾಲಿ ಬಿಟ್ಟಿರುತ್ತಾರೆ. ಅದಕ್ಕೆ ನೇರ ‘ನಿಗೆ’ ಅಂಟಿಸಿದರೆ ಸುರೇಶನಿಗೇನೋ ಸರಿ, ರವಿ, ಅನಿತಾ ಬಂದಾಗ ಎಡವಟ್ಟು. ಖಾಲಿ ಜಾಗದ ಮುಂದೆ ‘ಅವರಿಗೆ’, ‘ಅವರ’ ಎಂದು ಬಿಡಿಪದ ಇಟ್ಟರೆ ಯಾವ ಹೆಸರಾದರೂ ಕೂರುತ್ತದೆ. ವಸ್ತು, ಊರುಗಳಿಗೆ ‘ಎಂಬಲ್ಲಿಗೆ’, ‘ಎಂಬುದನ್ನು’. ಕೇಳಲು ಸ್ವಲ್ಪ ಸರ್ಕಾರಿ ಕನ್ನಡ, ಆದರೆ ತಪ್ಪಲ್ಲ.

ಇನ್ನು ದರ. ಕನ್ನಡ ಪ್ರತ್ಯಯಗಳನ್ನು ಪದಕ್ಕೇ ಅಂಟಿಸಿಕೊಳ್ಳುವ ಭಾಷೆ. 1,000 ಇಂಗ್ಲಿಷ್ ಪದ ನನ್ನ ಕಡತಗಳಲ್ಲಿ 700ರಿಂದ 800 ಕನ್ನಡ ಪದವಾಗುತ್ತದೆ. ಹೀಗಾಗಿ ಮೂಲದ ಪದಕ್ಕೇ ದರ ಹೇಳಿ. ಅನುವಾದದ ಪದಕ್ಕೆ ಒಪ್ಪಿಕೊಂಡರೆ ಕಾಲು ಭಾಗ ಆಗಲೇ ಹೋಯಿತು. ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ ಇದು ತಿರುವುಮುರುವು. ಕನಿಷ್ಠ ದರ ತೆಗೆಯುವ ಲೆಕ್ಕ ಹೀಗೆ: ತಿಂಗಳಿಗೆ ಮನೆ ಖರ್ಚು 40,000, ಇಂಟರ್ನೆಟ್-ವಿಮೆ-ಯಂತ್ರದ ಸವಕಳಿ 8,000, ತೆರಿಗೆ ಮತ್ತು ಆಪತ್ಕಾಲಕ್ಕೆ 12,000, ಒಟ್ಟು 60,000 ರೂಪಾಯಿ. ದಿನಕ್ಕೆ 2,000 ಪದ ಮಾಡಬಲ್ಲೆವಾದರೂ ಎಲ್ಲ ದಿನವೂ ಕೆಲಸ ಇರುವುದಿಲ್ಲ, ಬಿಲ್ಲು, ಪತ್ರ, ತಿದ್ದುಪಡಿಗೂ ಹೊತ್ತು ಹೋಗುತ್ತದೆ. 20 ದಿನ, ಸರಾಸರಿ 1,500 ಪದ, ಅಂದರೆ 30,000. ಪದಕ್ಕೆ 2 ರೂಪಾಯಿ. 80 ಪೈಸೆಗೆ ಒಪ್ಪಿದರೆ ಅದೇ ಹಣಕ್ಕೆ 75,000 ಪದ ಬೇಕು, 25 ದಿನ ದಿನಕ್ಕೆ 3,000. ಗುಣಮಟ್ಟ ಉಳಿಸಿಕೊಂಡು ಅದು ಸಾಧ್ಯವಿಲ್ಲ. ಯಂತ್ರಾನುವಾದ ತಿದ್ದುವ ಕೆಲಸಕ್ಕೆ ಅರ್ಧ ದರ ಹೇಳುತ್ತಾರೆ. 300 ಪದ ತಿದ್ದಿ ಗಡಿಯಾರ ನೋಡಿ. ಹೊಸದಾಗಿ ಮಾಡುವಷ್ಟೇ ಹೊತ್ತು ಹಿಡಿದರೆ ಗಂಟೆಯ ದರ ಕೇಳಿ.

ಕಾಗದಪತ್ರ. ಪ್ಯಾನ್, ಈ ಕೆಲಸಕ್ಕೇ ಮೀಸಲಾದ ಒಂದು ಬ್ಯಾಂಕ್ ಖಾತೆ, ಕ್ರಮಸಂಖ್ಯೆಯ ಬಿಲ್ಲು ಇದ್ದರೆ ಶುರು ಮಾಡಬಹುದು. ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಕರ್ನಾಟಕದ ಸೇವಾದಾರರಿಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ, ಹೊರರಾಜ್ಯದ ಗ್ರಾಹಕರಿದ್ದರೂ ಅಷ್ಟೆ. ವೃತ್ತಿ ಶುಲ್ಕವೆಂದು ಕಂಪನಿಗಳು 10% ಟಿಡಿಎಸ್ (ಹಣ ಕೊಡುವಾಗಲೇ ಕಡಿಯುವ ತೆರಿಗೆ) ಹಿಡಿದರೆ ಅದು ಪ್ಯಾನ್‌ಗೆ ಜಮೆಯಾಗಿದೆಯೇ ಎಂದು ಮೂರು ತಿಂಗಳಿಗೊಮ್ಮೆ ನೋಡಿ. ಆದಾಯದ ಅರ್ಧವನ್ನು ಮಾತ್ರ ಲಾಭವೆಂದು ತೋರಿಸುವ ಸರಳ ಪದ್ಧತಿ ನಮಗೂ ಉಂಟೆಂದು ಅನೇಕರು ನಂಬಿದ್ದಾರೆ. ಅದು ವಕೀಲರು, ವೈದ್ಯರು, ಎಂಜಿನಿಯರುಗಳಂಥ ಗೊತ್ತುಪಡಿಸಿದ ವೃತ್ತಿಗಳಿಗೆ. ಆ ಪಟ್ಟಿಯಲ್ಲಿ ಅನುವಾದದ ಹೆಸರಿಲ್ಲ. ಲೆಕ್ಕಪರಿಶೋಧಕರನ್ನು ಕೇಳದೆ ಆ ನಮೂನೆ ತುಂಬಬೇಡಿ.

ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಉಚಿತ, ಆಧಾರ್, ಪ್ಯಾನ್ ಇದ್ದರೆ ಹದಿನೈದು ನಿಮಿಷದ ಕೆಲಸ. ದುಡ್ಡು ಕೇಳುವ ಜಾಲತಾಣ ಸರ್ಕಾರದ್ದಲ್ಲ. ಆ ಸಂಖ್ಯೆಯನ್ನು ಬಿಲ್ಲಿನ ಮೇಲೆ ಹಾಕಿ. 2006ರ ಎಂಎಸ್‌ಎಂಇ (ಸಣ್ಣ ಉದ್ಯಮಗಳ) ಕಾಯ್ದೆಯಂತೆ ಒಪ್ಪಂದ ಏನೇ ಇರಲಿ, ಸಣ್ಣ ಸೇವಾದಾರರಿಗೆ 45 ದಿನದೊಳಗೆ ಹಣ ಕೊಡಬೇಕು. ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಬಡ್ಡಿ ಕೇಳುವ ಪ್ರಸಂಗ ಕಡಿಮೆ, ಆದರೆ ಬಿಲ್ಲಿನಲ್ಲಿ ಆ ಒಂದು ಸಾಲು ಇದ್ದರೆ ಕಂಪನಿಯ ಲೆಕ್ಕ ವಿಭಾಗ ಬೇಗ ಕಣ್ಣು ಬಿಡುತ್ತದೆ. ವಿದೇಶಿ ಗ್ರಾಹಕರಿಗೆ ಈ ಕಾಯ್ದೆ ಲೆಕ್ಕಕ್ಕಿಲ್ಲ. ಅಲ್ಲಿ ಮೊದಲ ಕೆಲಸಕ್ಕೆ ಅರ್ಧ ಮುಂಗಡ ಕೇಳಿ, ವಿದೇಶದಿಂದ ಹಣ ಬಂದದ್ದಕ್ಕೆ ಬ್ಯಾಂಕಿನಿಂದ ಪ್ರಮಾಣಪತ್ರ ಪಡೆದಿಡಿ.

ಪರೀಕ್ಷೆಗೆಂದು 250 ಪದಕ್ಕಿಂತ ಹೆಚ್ಚು ಪುಕ್ಕಟೆ ಮಾಡುವುದಿಲ್ಲ. ಒಂದೇ ಪುಸ್ತಕವನ್ನು ಇಪ್ಪತ್ತು ಜನರಿಗೆ ‘ಪರೀಕ್ಷೆ’ಯಾಗಿ ಹಂಚಿ ಮುಗಿಸುವ ಚಾಳಿ ಈ ಕ್ಷೇತ್ರದಲ್ಲಿದೆ. ಸ್ವವಿವರವನ್ನು ಪಿಡಿಎಫ್ ಆಗಿಯೇ ಕಳಿಸಿ, ಪ್ಯಾನ್, ಹುಟ್ಟಿದ ದಿನಾಂಕ ಅದರಲ್ಲಿ ಬೇಡ; ಅನುವಾದಕರ ಸ್ವವಿವರ ಕದ್ದು ಇಮೇಲ್ ವಿಳಾಸ ಮಾತ್ರ ಬದಲಿಸಿ ಕೆಲಸ ಗಿಟ್ಟಿಸುವವರಿದ್ದಾರೆ.

ಜೂನ್ 1ಕ್ಕೆ ಶುರು ಮಾಡಿದ ಕೆಲಸ 20ಕ್ಕೆ ಮುಗಿದು, ಬಿಲ್ಲು ತಿಂಗಳ ಕೊನೆಗೆ ಹೋಗಿ, ಅಲ್ಲಿಂದ 45 ದಿನ ಎಣಿಸಿದರೆ ಮೊದಲ ಹಣ ಆಗಸ್ಟ್ ನಡುವಿಗೆ. ಕೈಯಲ್ಲಿ ಆರು ತಿಂಗಳ ಖರ್ಚು ಇಲ್ಲದಿದ್ದರೆ ಈಗಿನ ನೌಕರಿಯನ್ನು ಬಿಡದೆ, ವಾರಾಂತ್ಯದಲ್ಲಿ 3,000 ಪದದ ಕೆಲಸಗಳಿಂದ ಆರಂಭಿಸಿ.